ಬಂಡೆಗೆ ಹಗ್ಗವುಂಟು, ಮರಕ್ಕೆ?

ಕೊಯ್ಲು ಕೊಯ್ಲುಗಳ ನಡುವೆ ಬಿಡುವೇ ಕಾಣದ ಬೆಳೆಗಾರ ತಂದೆಯರೂ ಮಕ್ಕಳ ಒತ್ತಾಯಕ್ಕೆ ಮಣಿದು ಒಮ್ಮೆ ಬಾದಾಮಿಯ ಕೆಂಪು ಮರಳುಗಲ್ಲನ್ನು ಹತ್ತಿ ನೋಡಬೇಕು. ನಾವು ಐವತ್ತು ದಾಟಿದ ಮೇಲೆ ಹತ್ತಿದೆವು. ತಲೆಗೆ ಹೆಲ್ಮೆಟ್, ಸೊಂಟ ತೊಡೆಗಳಿಗೆ ಪಟ್ಟಿ. ಪಟ್ಟಿಗೆ ಬಿಗಿದ ಹಗ್ಗ ಬಂಡೆಯ ನೆತ್ತಿಯ ಕೊಂಡಿಯಲ್ಲಿ ಹಾದು ಕೆಳಗೆ ನಿಂತವನ ಕೈ ಸೇರುತ್ತದೆ. ನಾವು ಏರಿದಂತೆ ಅವನು ಸಡಿಲು ಎಳೆದುಕೊಳ್ಳುತ್ತಾನೆ, ಜಾರಿದರೆ ಹಿಡಿಯುತ್ತಾನೆ. ಹೊರಡುವ ಮುನ್ನ ಒಬ್ಬರ ಗಂಟನ್ನು ಇನ್ನೊಬ್ಬರು ನೋಡಲೇಬೇಕು. ಹೊಸಬರು ಕೈಬಲ ನಂಬಿ ಬೇಗ ಸೋಲುತ್ತಾರೆ. ಭಾರ ಕಾಲಿನ ಮೇಲಿರಬೇಕು. ಇದನ್ನು ನಮ್ಮ ಕೊನೆಗೌಡರಿಗೆ ಯಾರೂ ಕಲಿಸಬೇಕಿಲ್ಲ, ಬಿಡಿ.

ವಿನೋದಕ್ಕೆ ಹತ್ತುವ ನಮಗೆ ಇಷ್ಟು ಕಾವಲು. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮಳೆಗಾಲದ ಒದ್ದೆ ಮರವೇರುವವನಿಗೆ ಕಾಲಿನ ತಳೆಯೇ ಆಸರೆ. ಅವನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಫೈಬರ್ ದೋಟಿ ಬಂದಿದೆ, ನಿಜ. ಆದರೂ ಹತ್ತುವವರು ಇದ್ದೇ ಇದ್ದಾರೆ. ಅಡಿಕೆ ಮರದ ತಲೆಗೆ ಕೊಂಡಿ ಹಾಕುವವರು ಯಾರು ಎಂಬ ಆಕ್ಷೇಪ ಸರಿಯೇ. ಆದರೆ ಕಾಂಡವನ್ನು ಬಳಸಿ ಸೊಂಟಕ್ಕೆ ಕಟ್ಟುವ ಪಟ್ಟಿಗೆ ಕೊಂಡಿ ಬೇಕಿಲ್ಲ. ಮರದಿಂದ ಮರಕ್ಕೆ ದಾಟುವಾಗ ಬಿಚ್ಚಬೇಕು, ಕೆಲಸ ನಿಧಾನವಾದೀತು. ಆ ಹೊತ್ತಿನ ಕೂಲಿಯನ್ನು ನಾವೇ ಕೊಡತಕ್ಕದ್ದು. ಇಂಥ ಪಟ್ಟಿಗಳನ್ನು ಸಂಘದಿಂದ ಬಾಡಿಗೆಗೆ ಒದಗಿಸುವ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಮಂಡಿಸಲಿದ್ದೇವೆ. ಸದಸ್ಯರು ತಂತಮ್ಮ ಕೊನೆಗೌಡರ ಅಭಿಪ್ರಾಯ ಕೇಳಿಕೊಂಡು ಬರಬೇಕಾಗಿ ಕೋರಿಕೆ.