ಪಾಲಕರು ಮಕ್ಕಳು ಕೂಡಿ ಕಟ್ಟುವ ಬೈಕು: ಕೊಳ್ಳುವ ಮುನ್ನ

ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಬಳಿಕ ಫಲಿತಾಂಶ ಬರುವವರೆಗೆ ಮಕ್ಕಳಿಗೆ ದೀರ್ಘ ಬಿಡುವು ದೊರೆಯುತ್ತದೆ. ಇಚಲಕರಂಜಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ಮಕ್ಕಳಿಗಾಗಲಿ, ಶಿರೋಳಿ, ಗೋಕುಳ ಶಿರಗಾಂವಗಳ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳಿಗಾಗಲಿ ಯಂತ್ರವು ಅಪರಿಚಿತ ವಸ್ತುವಲ್ಲ. ಹಳೆಯ ಬೈಕೊಂದನ್ನು ಕೊಂಡು, ಬಿಚ್ಚಿ, ತೊಳೆದು, ಮನಸ್ಸಿಗೆ ಒಪ್ಪುವಂತೆ ಮರಳಿ ಜೋಡಿಸಬೇಕೆಂಬ ಆಸೆ ಹಲವು ಮನೆಗಳಲ್ಲಿ ಈ ದಿನಗಳಲ್ಲಿಯೇ ಹುಟ್ಟುತ್ತದೆ. ಆಸೆ ಒಳ್ಳೆಯದು. ಆದರೆ ಗಾಡಿಯ ಆಯ್ಕೆ ತಪ್ಪಿದರೆ ಅದು ಬಿಚ್ಚಿದ ಸ್ಥಿತಿಯಲ್ಲಿಯೇ ತಾಡಪತ್ರಿಯ ಕೆಳಗೆ ಉಳಿಯುತ್ತದೆ, ಹಣ ಹೋಗುತ್ತದೆ, ಅದಕ್ಕಿಂತ ಮಿಗಿಲಾಗಿ, ‘ಇದು ನನ್ನ ಕೈಯಿಂದ ಆಗದ ಕೆಲಸ’ ಎಂಬ ಭಾವನೆ ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. 18 ವರ್ಷ ತುಂಬುವವರೆಗೆ ಮಗು ಈ ಗಾಡಿಯನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. 16 ವರ್ಷದವರಿಗೆ ದೊರೆಯುವ ಪರವಾನಗಿ ಗೇರಿಲ್ಲದ, 50 ಸಿಸಿಯೊಳಗಿನ ವಾಹನಕ್ಕೆ ಮಾತ್ರ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತ ವಯಸ್ಕರು ವಾಹನ ನಡೆಸಿ ಅಪರಾಧಕ್ಕೆ ಒಳಗಾದರೆ ಪಾಲಕರಿಗೆ ಅಥವಾ ಗಾಡಿಯ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಆದ್ದರಿಂದ ಕಟ್ಟುವುದು ಇಂದು, ಸವಾರಿ ಮುಂದೆ ಎಂಬ ಒಪ್ಪಂದ ಗಾಡಿ ಕೊಳ್ಳುವ ಮೊದಲೇ ಮನೆಯಲ್ಲಿ ಆಗಿರಬೇಕು.

ಯಾವ ಗಾಡಿ ಕೊಳ್ಳಬೇಕು? ಹಿರಿಯರ ಮನಸ್ಸು ಸಹಜವಾಗಿ ಜಾವಾ, ಯೆಜ್ಡಿಗಳತ್ತ ಓಡುತ್ತದೆ. ಅವು ಕನ್ನಡ ನೆಲದಲ್ಲಿ ಹುಟ್ಟಿದ ಗಾಡಿಗಳು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ಸಿದ್ಧವಾದವು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಪೆಡಲು, ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಬೇಕಾದ ಟೂ-ಸ್ಟ್ರೋಕ್ ಎಂಜಿನು, ಇವೆಲ್ಲ ನೋಡಲು ಚೆಂದ. ಆದರೂ ಮೊದಲ ಗಾಡಿಯಾಗಿ ಅದನ್ನು ಆರಿಸಬಾರದು. ಬಿಡಿಭಾಗಗಳನ್ನು ಹುಡುಕಿ ಅಲೆಯಬೇಕು. ಸಿಕ್ಕಿದ್ದು ಅಸಲಿಯೋ ನಕಲಿಯೋ ತಿಳಿಯದು. ಒಂದು ಸಣ್ಣ ಭಾಗಕ್ಕಾಗಿ ಕೆಲಸ ವಾರಗಟ್ಟಲೆ ನಿಂತರೆ ಮಗುವಿನ ಉತ್ಸಾಹವೂ ನಿಲ್ಲುತ್ತದೆ.

ಇದಕ್ಕೆ ಬದಲಾಗಿ 1994ರಿಂದ ನಮ್ಮ ಬೀದಿಗಳಲ್ಲಿ ಓಡುತ್ತಿರುವ ಸ್ಪ್ಲೆಂಡರಿನಂಥ ಸಾಮಾನ್ಯ ಗಾಡಿ ಮೇಲು. ಅದರ 97.2 ಸಿಸಿಯ ಒಂಟಿ ಸಿಲಿಂಡರಿನ ಎಂಜಿನು ಸರಳವಾದುದು. ಗಡಹಿಂಗ್ಲಜದಂಥ ಊರಿನಲ್ಲಿಯೂ ಬಿಡಿಭಾಗಗಳು ದೊರೆಯುತ್ತವೆ. ಸಂದೇಹ ಬಂದರೆ ಕೇಳಲು ಪ್ರತಿ ಓಣಿಯಲ್ಲಿಯೂ ಒಬ್ಬ ಮಿಸ್ತ್ರಿ ಇದ್ದಾನೆ. 2020ರ ಏಪ್ರಿಲಿನಲ್ಲಿ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರು ಹೋಗಿ ಇಂಧನ ಇಂಜೆಕ್ಷನ್ ಬಂದಿತು. ಕಲಿಯುವ ಕೈಗೆ ಅದಕ್ಕಿಂತ ಮೊದಲಿನ, ಬಿಚ್ಚಿ ನೋಡಬಹುದಾದ ಕಾರ್ಬೊರೇಟರಿನ ಗಾಡಿಯೇ ತಕ್ಕದ್ದು.

ಗಾಡಿಗಿಂತ ಮೊದಲು ಕಾಗದಪತ್ರಗಳನ್ನು ನೋಡಬೇಕು. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ ಹಾಗೂ ಎಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ಮಗುವೇ ಒಂದೊಂದು ಅಕ್ಷರವಾಗಿ ಓದಿ ತಾಳೆ ನೋಡಲಿ. ಸಂಖ್ಯೆ ಉಜ್ಜಿದಂತೆ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಮರಳಿ ಬರಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ತಪಾಸಣೆ ಮಾಡಿಸಿ ನವೀಕರಿಸಿದ್ದಾರೆಯೇ ಎಂದು ಕೇಳಬೇಕು. ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರಿದ್ದರೆ ಅದನ್ನು ತೆಗೆಸಿಕೊಡುವ ಹೊಣೆ ಮಾರುವವರದು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕಿದೆ. ನಿಪ್ಪಾಣಿ, ಸಂಕೇಶ್ವರಗಳು ಹತ್ತಿರದ ಊರುಗಳು. ಅಲ್ಲಿಯ ಬಂಧುಗಳ ಮನೆಯಲ್ಲಿಯೇ ಕೆಎ 23 ಇಲ್ಲವೆ ಕೆಎ 22 ಸಂಖ್ಯೆಯ ಗಾಡಿ ಅಗ್ಗದಲ್ಲಿ ಸಿಗಬಹುದು. ಆದರೆ ಅದನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಮಹಾರಾಷ್ಟ್ರದಲ್ಲಿ ಇಡುವುದಾದರೆ ಇಲ್ಲಿ ಹೊಸದಾಗಿ ನೋಂದಾಯಿಸಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒ ಕಚೇರಿಯಿಂದ 28ನೆಯ ನಮೂನೆಯ ಎನ್‌ಒಸಿ ಬೇಕು, ಇಲ್ಲಿಯ ತೆರಿಗೆ ತುಂಬಬೇಕು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಈ ಖರ್ಚು, ಓಡಾಟಗಳನ್ನು ಕೂಡಿಸಿ ನೋಡಿದರೆ ಕೆಲವೊಮ್ಮೆ ಎಂಎಚ್ 09ರ ತುಸು ದುಬಾರಿ ಗಾಡಿಯೇ ಅಗ್ಗವೆನಿಸುತ್ತದೆ.

ಗಾಡಿ ನೋಡಲು ಹಗಲು ಹೊತ್ತಿನಲ್ಲಿಯೇ ಹೋಗಬೇಕು. ಎಂಜಿನನ್ನು ಮೊದಲೇ ಚಾಲೂ ಮಾಡಿ ಬಿಸಿಯಾಗಿಡಬೇಡಿರೆಂದು ಹೇಳಬೇಕು. ತಣ್ಣಗಿರುವ ಎಂಜಿನು ಎಷ್ಟು ಕಿಕ್ಕಿಗೆ ಹತ್ತುತ್ತದೆ ಎಂಬುದು ಅದರ ಆರೋಗ್ಯವನ್ನು ಹೇಳುತ್ತದೆ. ನೀಲಿ ಹೊಗೆ ಬಂದರೆ ಎಂಜಿನು ಎಣ್ಣೆ ಸುಡುತ್ತಿದೆ ಎಂದರ್ಥ; ಅದನ್ನು ಸರಿಪಡಿಸಬಹುದು, ಬೆಲೆಯಲ್ಲಿ ಇಳಿಸಿ ಕೇಳಬೇಕು. ಸೀಟು ಹರಿದಿರುವುದು, ಬಣ್ಣ ಹೋಗಿರುವುದು, ಚೈನು ಸ್ಪ್ರಾಕೆಟ್ ಸವೆದಿರುವುದು ದೋಷಗಳೇ ಅಲ್ಲ. ಅವೇ ಮಗುವಿನ ಪಾಠಗಳು. ಕ್ಷಮಿಸಲಾಗದ ದೋಷ ಚಾಸಿಸಿನದು. ಹಿಂದೆ ನಿಂತು ಎರಡೂ ಗಾಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಬೇಕು. ಹ್ಯಾಂಡಲ್ ಕೂಡುವಲ್ಲಿ ಹೊಸ ವೆಲ್ಡಿಂಗ್ ಗುರುತು ಇದ್ದರೆ ಆ ಗಾಡಿ ಅಪಘಾತದಲ್ಲಿ ಮುರಿದು ಬೆಸೆದದ್ದಿರಬಹುದು. ಅಂಥದ್ದು ಬೇಡವೇ ಬೇಡ.

ಕಸ್ಟಮ್ ಎಂದೊಡನೆ ಚಾಸಿಸ್ ಕತ್ತರಿಸುವುದು, ಕಿವಿಗಡಚಿಕ್ಕುವ ಸೈಲೆನ್ಸರ್ ಹಾಕುವುದು ಎಂದು ಮಕ್ಕಳು ತಿಳಿದಿರುತ್ತಾರೆ. ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂಥ ಮಾರ್ಪಾಟನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಸೀಟಿನ ಹೊಲಿಗೆ, ಹಿಡಿಕೆ, ಟಾಕಿಯ ಚಿತ್ತಾರ ಮುಂತಾದವುಗಳಲ್ಲಿ ಮಗುವಿನ ಕಲ್ಪನೆ ಅರಳಲಿ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು.

ಹಣದ ಲೆಕ್ಕವನ್ನೂ ಮಗುವಿನ ಎದುರಿಗೇ ಮಾಡಬೇಕು. ಕೈಯಲ್ಲಿ 40,000 ರೂಪಾಯಿ ಇದ್ದರೆ ಗಾಡಿಗೆ 25,000ಕ್ಕಿಂತ ಹೆಚ್ಚು ಕೊಡಬಾರದು. ಉಳಿದುದರಲ್ಲಿ ಟಾಯರು, ಬ್ರೇಕ್ ಶೂ, ಕೇಬಲ್ಲು, ಚೈನು ಮೊದಲು, ಬಣ್ಣ ಕೊನೆಗೆ.

ಕೊನೆಯದಾಗಿ, ಒಂದು ನೂರು ಪುಟದ ವಹಿ ಇಡಿರಿ. ಯಾವ ನಟ್ಟು ಎಲ್ಲಿಂದ ಬಂದಿತು, ಯಾವ ಭಾಗಕ್ಕೆ ಎಷ್ಟು ಕೊಟ್ಟೆವು, ಏನು ತಪ್ಪಿತು ಎಂಬುದನ್ನು ಮಗುವು ಪ್ರತಿದಿನ ಕನ್ನಡದಲ್ಲಿ ಬರೆಯಲಿ. ಘರ್ಷಣೆ, ದಹನ, ಒತ್ತಡ ಎಂದು ನಮ್ಮ ಮಕ್ಕಳು ವಿಜ್ಞಾನದ ಪುಸ್ತಕದಲ್ಲಿ ಕನ್ನಡದಲ್ಲಿಯೇ ಓದಿದ್ದಾರೆ. ಗ್ಯಾರೇಜಿನಲ್ಲಿ ಅವರ ಕಿವಿಗೆ ಬೀಳುವುದು ಮರಾಠಿ ಮತ್ತು ಇಂಗ್ಲಿಷ್ ಮಾತು. ಸವೆದ ಬ್ರೇಕ್ ಶೂ ಕೈಯಲ್ಲಿ ಹಿಡಿದ ದಿನ ಪುಸ್ತಕದ ಘರ್ಷಣೆ ಯಾವುದೆಂದು ತಿಳಿಯುತ್ತದೆ. ಮುಂದೆ ಐಟಿಐ ಅಥವಾ ಪಾಲಿಟೆಕ್ನಿಕ್‌ಗೆ ಹೋದಾಗ ಭಾಷೆ ಬದಲಾದರೂ, ತಿಳಿದ ವಿಷಯ ತಿಳಿದೇ ಇರುತ್ತದೆ. ಮಗನಂತೆ ಮಗಳ ಕೈಗೂ ಪಾನಾ ಕೊಡಿರಿ. ನೀವು ಪಕ್ಕದಲ್ಲಿ ದೀಪ ಹಿಡಿದು ನಿಲ್ಲಿರಿ.