ಶಾಲೆಗಳ ಊರು, ಮನೆಗಳ ಭಾಷೆ

ಉದಕಮಂಡಲದಲ್ಲಿ ಕಟ್ಟಲಾದ ಮೊದಲ ಬಂಗಲೆಯನ್ನು ಸ್ಥಳೀಯರು ಕರೆದದ್ದು ಕಲ್‌ಬಂಗಲ ಎಂದು. ಈ ಹೆಸರಿನ ಅರ್ಥವನ್ನು ಕನ್ನಡಿಗನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1822ರಲ್ಲಿ ಅದರ ನಿರ್ಮಾಣವನ್ನು ಆರಂಭಿಸಿದನು. ಅವನ ವಾಸಕ್ಕೆಂದು ಎದ್ದ ಆ ಕಟ್ಟಡ ಇಂದು 1955ರಲ್ಲಿ ಸ್ಥಾಪಿತವಾದ ಸರ್ಕಾರಿ ಕಲಾ ಕಾಲೇಜಿಗೆ ಸೇರಿದೆ. ವಾಸದ ಮನೆ ವಿದ್ಯೆಯ ಮನೆಯಾದ ಈ ಬದಲಾವಣೆ ಆ ಊರಿನ ಚರಿತ್ರೆಗೇ ಒಪ್ಪುವಂಥದು.

ಪ್ರವಾಸಿಗರ ಪಾಲಿಗೆ ಊಟಿಯೆಂದರೆ ಸರೋವರ, ಸಸ್ಯೋದ್ಯಾನ, ಪುಟಾಣಿ ರೈಲು. ಆದರೆ ಒಂದೂವರೆ ಶತಮಾನದಿಂದ ಅದು ಶಾಲೆಗಳ ಊರೂ ಹೌದು. ಲವ್‌ಡೇಲಿನ ಲಾರೆನ್ಸ್ ಶಾಲೆ 1858ರಲ್ಲಿ ಬ್ರಿಟಿಷ್ ಸೈನಿಕರ ಮಕ್ಕಳಿಗಾಗಿ ಹುಟ್ಟಿತು. ನೀಲಗಿರಿಯ ಮೊದಲ ಕಮಿಷನರ್ ಜೇಮ್ಸ್ ವಿಲ್ಕಿನ್‌ಸನ್ ಬ್ರೀಕ್ಸನ ನೆನಪಿನ ಶಾಲೆ 1874ರಲ್ಲಿ ಆರಂಭವಾಯಿತು. ಈ ಬ್ರೀಕ್ಸ್ ನೀಲಗಿರಿಯ ಬುಡಕಟ್ಟುಗಳ ಕುರಿತು ಒಂದು ಗ್ರಂಥವನ್ನೇ ಬರೆದವನು. ಅದು ಅವನ ಮರಣಾನಂತರ 1873ರಲ್ಲಿ ಪ್ರಕಟವಾಯಿತು. ಬೆಟ್ಟದ ಜನರು ಆಳುವವರ ಗ್ರಂಥಕ್ಕೆ ಬೇಗನೆ ವಸ್ತುವಾದರು; ಅವರ ಮಾತು ತರಗತಿಯೊಳಗೆ ಬರಲು ಮಾತ್ರ ಅಷ್ಟು ಸುಲಭವಾಗಿ ಬಾಗಿಲು ತೆರೆಯಲಿಲ್ಲ.

ಶಾಲೆಗಳ ಸಂಖ್ಯೆಯಿಂದಲೇ ಒಂದು ಊರು ವಿದ್ಯೆಯ ನೆಲೆಯಾಗುತ್ತದೆಯೇ? ಈ ಪ್ರಶ್ನೆಗೆ ಟೋಕಿಯೋ ನಗರದ ಬುಂಕ್ಯೋ ಎಂಬ ವಿಭಾಗವನ್ನು ಪಕ್ಕದಲ್ಲಿಟ್ಟು ನೋಡಬಹುದು. ಕೊಯಿಶಿಕಾವಾ ಮತ್ತು ಹೋಂಗೋ ಎಂಬ ಎರಡು ಭಾಗಗಳು ಸೇರಿ 1947ರಲ್ಲಿ ಅದು ರೂಪುಗೊಂಡಿತು. ಹೆಸರಿನ ಮೊದಲ ಅಕ್ಷರಕ್ಕೆ ಬರಹ, ವಿದ್ಯೆ ಎಂಬ ಅರ್ಥವಿದೆ. ಎರಡನೆಯದಕ್ಕೆ ರಾಜಧಾನಿ ಎಂಬ ಅರ್ಥ. ಟೋಕಿಯೋ ವಿಶ್ವವಿದ್ಯಾನಿಲಯ ಇರುವುದು ಅಲ್ಲಿಯೇ. 1877ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾನಿಲಯದಲ್ಲಿ ಮೊದಮೊದಲು ವಿದೇಶಿ ಅಧ್ಯಾಪಕರು ತಮ್ಮ ಭಾಷೆಗಳಲ್ಲೇ ಬೋಧಿಸುತ್ತಿದ್ದರು. ಶತಮಾನ ಮುಗಿಯುವ ಹೊತ್ತಿಗೆ ಜಪಾನಿ ಭಾಷೆ ತರಗತಿಯನ್ನು ಪ್ರವೇಶಿಸಿತ್ತು. 1903ರಲ್ಲಿ ಅಲ್ಲಿ ಇಂಗ್ಲಿಷ್ ಉಪನ್ಯಾಸಕನಾಗಿ ಸೇರಿದ ನತ್ಸುಮೆ ಸೊಸೆಕಿ ಅದೇ ಬಡಾವಣೆಯಲ್ಲಿ ವಾಸವಿದ್ದು ಜಪಾನಿಯಲ್ಲಿ ಕಾದಂಬರಿ ಬರೆದನು. ಆವರಣದ ಕೊಳವನ್ನು ಜನರು ಇಂದಿಗೂ ಕರೆಯುವುದು ಅವನ ‘ಸಾನ್‌ಶಿರೋ’ ಕಾದಂಬರಿಯ ನಾಯಕನ ಹೆಸರಿನಿಂದ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಹಿಗುಚಿ ಇಚಿಯೋ ಕೂಡ ಹೋಂಗೋದ ಗಲ್ಲಿಯೊಂದರಲ್ಲಿ ಬಡತನದಲ್ಲಿ ಬದುಕಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿಗೆ, 1896ರಲ್ಲಿ, ತೀರಿಕೊಳ್ಳುವ ಮುನ್ನ ಅಮೂಲ್ಯ ಕತೆಗಳನ್ನು ಬರೆದಳು. ಅಲ್ಲಿ ಗಲ್ಲಿಯ ಮಾತಿಗೂ ಗ್ರಂಥದ ಮಾತಿಗೂ ನಡುವೆ ಹಾದಿಯೊಂದು ತೆರೆದಿತ್ತು.

ಉದಕಮಂಡಲದ ಸುತ್ತಲಿನ ಹಟ್ಟಿಗಳಿಂದ ಶಾಲೆಗೆ ಅಂಥ ಹಾದಿ ತೆರೆದೇ ಇರಲಿಲ್ಲವೆಂದಲ್ಲ. 1846ರಲ್ಲಿ ಕೇತ್ತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವರು ಬಡಗರ ನಡುವೆ ಕನ್ನಡವನ್ನು ಬಳಸಿದರು. 1890ರಲ್ಲಿ ಅವರ ಮಂಗಳೂರಿನ ಮುದ್ರಣಾಲಯ ಬಡಗ ನುಡಿಯ ಸುವಾರ್ತೆಯೊಂದನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿತು. ಅದರ ಹೆಸರಿನಲ್ಲಿರುವ ‘ಒಳ್ಳೆಯ ಸುದ್ದಿಯ ಪುಸ್ತಕ’ ಎಂಬ ಮಾತುಗಳಿಗೆ ಕನ್ನಡ ವಿದ್ಯಾರ್ಥಿ ನಿಘಂಟು ತೆರೆಯಬೇಕಿಲ್ಲ. ಮಿಷನ್ನಿನ ಉದ್ದೇಶ ಮತಪ್ರಚಾರವಾಗಿತ್ತು, ನಿಜ; ಆದರೂ ಮನೆಯ ಮಾತು ಅಚ್ಚಿಗೇರಿತು. ಇಂದು ಬಡಗರ ಮಕ್ಕಳು ಕಲಿಯುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ.

ಇಲ್ಲಿ ಕನ್ನಡ ವಿಭಾಗಗಳು ಉತ್ತರಿಸಬೇಕಾದ ಒಂದು ವಿಚಿತ್ರವಿದೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿಯೆಂದು ಬರೆಸಿದವರು ಸುಮಾರು 1,34,000 ಮಂದಿ. ಗಣತಿಯ ಪಟ್ಟಿ ಅವರನ್ನು ಸೇರಿಸಿರುವುದು ಕನ್ನಡದ ಅಡಿಯಲ್ಲಿ. ಲೆಕ್ಕಕ್ಕೆ ಬೇಕಾದ ಆ ನುಡಿ ಪಾಠಕ್ಕೆ ಏಕೆ ಬೇಡವಾಯಿತು? ಐಚ್ಛಿಕ ಕನ್ನಡದ ವಿದ್ಯಾರ್ಥಿ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಪಕಾರವು ಹಕಾರವಾದ ಬಗೆಯನ್ನು ಓದುತ್ತಾನೆ. ಅದೇ ಹಕಾರ ಹಟ್ಟಿ, ಹೆತ್ತೆ ಮೊದಲಾದ ಬಡಗ ಪದಗಳಲ್ಲಿ ಇಂದಿಗೂ ಕೇಳಿಸುತ್ತದೆಂಬುದು ಅವನ ಕಿವಿಗೆ ಬೀಳುವುದು ಅಪರೂಪ.

ಬಡಗವು ಕನ್ನಡದ ಉಪಭಾಷೆಯೇ, ಸ್ವತಂತ್ರ ಭಾಷೆಯೇ ಎಂಬ ವಾದ ಹಳೆಯದು. ಉಪಭಾಷೆಯೆಂದು ಘೋಷಿಸಿ ಕೈತೊಳೆದುಕೊಳ್ಳುವುದು ಕನ್ನಡ ವಿದ್ವತ್ತಿಗೆ ಶೋಭಿಸದು. ಅದನ್ನು ಸ್ವತಂತ್ರ ಭಾಷೆಯೆಂದೇ ಬಗೆಯುವ ಬಡಗರ ಮಾತಿಗೆ ಮೊದಲು ಕಿವಿಗೊಡಬೇಕು. ಬುಂಕ್ಯೋದ ಮಾದರಿಗೂ ಈ ವಿಷಯದಲ್ಲಿ ಕಪ್ಪುಚುಕ್ಕೆಯಿದೆ: ತನ್ನ ಭಾಷೆಗೆ ವಿಶ್ವವಿದ್ಯಾನಿಲಯದಲ್ಲಿ ಪೀಠ ಕೊಟ್ಟ ಜಪಾನು ಐನು ಮತ್ತು ರ್ಯೂಕ್ಯೂ ನುಡಿಗಳನ್ನು ಶಾಲೆಯಿಂದ ಹೊರಗಟ್ಟಿತು. ದೊಡ್ಡ ಭಾಷೆ ಪಕ್ಕದ ನುಡಿಯನ್ನು ಅಪ್ಪಿಕೊಳ್ಳುವ ನೆವದಲ್ಲಿ ನುಂಗಬಾರದು.

ಕೇಳಿಸಿಕೊಂಡವರೇ ಇಲ್ಲವೆಂದಲ್ಲ. ಎಂ. ಬಿ. ಎಮಿನೊ 1930ರ ದಶಕದಲ್ಲಿ ನೀಲಗಿರಿಯಲ್ಲಿದ್ದು ತೊದ, ಕೋತ, ಬಡಗ ನುಡಿಗಳನ್ನು ದಾಖಲಿಸಿದರು, ಟಿ. ಬರೋ ಅವರೊಡನೆ ಅವರು 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಈ ನುಡಿಗಳ ಪದಗಳು ಕನ್ನಡದ ಪಕ್ಕದಲ್ಲಿಯೇ ನಿಂತಿವೆ. ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ಟಿಯಾನ್ ಪಿಲೋ-ರೈಶೂರ್ ಅವರ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಬಂದಿತು. ಬಡಗಕ್ಕೆ ಇಷ್ಟು ಸಮೀಪದ ಕನ್ನಡ ಬಲ್ಲವರಿಗಿಂತ ಮೊದಲು ಕಡಲಾಚೆಯವರು ಆ ಕೆಲಸಕ್ಕೆ ಕೈಹಾಕಿದರೆಂಬುದು ಕನ್ನಡ ವಿಭಾಗಗಳು ಸಂಕೋಚಪಡಬೇಕಾದ ಸಂಗತಿ. ಮಸಿನಗುಡಿ, ಗೂಡಲೂರುಗಳ ಕಡೆ ಇಳಿದರೆ ಕುರುಂಬರ, ಇರುಳರ ನುಡಿಗಳೂ ಇವೆ. ಅವುಗಳಿಗೆ ಬೇರೆಯೇ ಲೇಖನ ಬೇಕು.

ಮಾಡಬೇಕಾದದ್ದು ದೊಡ್ಡದೇನಲ್ಲ. ಕನ್ನಡ ವಿದ್ಯಾರ್ಥಿಗಳ ಪ್ರವಾಸದ ಬಸ್ಸು ಬಂಡೀಪುರ ದಾಟಿ ಘಟ್ಟ ಹತ್ತಿ ಸಸ್ಯೋದ್ಯಾನದ ಬಾಗಿಲಲ್ಲಿ ನಿಲ್ಲುವುದು ವಾಡಿಕೆ. ಅದು ಒಂದು ದಿನ, ಮೊದಲೇ ಅನುಮತಿ ಪಡೆದು, ಯಾವುದಾದರೂ ಹಟ್ಟಿಯ ಕಡೆಗೂ ತಿರುಗಲಿ. ಹಿರಿಯರು ಒಪ್ಪಿದರೆ ನೂರು ಪದಗಳನ್ನೋ ಒಂದು ಕತೆಯನ್ನೋ ಬರೆದುಕೊಳ್ಳಲಿ. ಬರೆದುಕೊಂಡದ್ದರ ಒಂದು ಪ್ರತಿ ವಿಭಾಗದ ಕಪಾಟಿಗೆ ಬರಲಿ. ಇನ್ನೊಂದು ಪ್ರತಿ ಅದನ್ನು ಹೇಳಿದವರ ಮನೆಗೆ ಅಂಚೆಯಲ್ಲಿ ಹಿಂದಿರುಗಲಿ.