ಕಾರ್ಬನ್ ದೋಟಿ ಬಂತು, ಕರೆಂಟಿನ ಭಯ ಹೋಯ್ತಾ?

ಮಳೆ ಹಿಡಿಯೋದ್ರೊಳಗೆ ಮೊದಲನೇ ಬೋರ್ಡೋ ಮುಗಿಸ್ಬೇಕು ಅಂತ ಎಲ್ಲರೂ ಓಡಾಡ್ತಾ ಇದ್ದೀವಿ. ಮೈಲುತುತ್ತ, ಸುಣ್ಣ ಮನೆಗೆ ಬಂದಾಗಿದೆ, ಜನ ಸಿಗೋದೇ ಕಷ್ಟ. ಈ ಗಡಿಬಿಡಿಯಲ್ಲೇ ಒಂದು ಮಾತು ಹೇಳ್ಬೇಕು ಅನ್ನಿಸ್ತು.

ದೋಟಿ ಬಂದ ಮೇಲೆ ಮರದಿಂದ ಬೀಳೋ ಭಯ ಕಡಿಮೆಯಾಯ್ತು ನಿಜ. ಆದರೆ ನಾವು ಅಪಾಯವೇ ಮುಗೀತು ಅಂದ್ಕೊಂಡ್ವಿ. ಅಲ್ಯೂಮಿನಿಯಂ ದೋಟಿ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಮಲೆನಾಡಿಗಾಗಲಿ ಕರಾವಳಿಗಾಗಲಿ ಹೊಸದಲ್ಲ. ಅದಕ್ಕೆ ನಾವು ಕೊಡೋ ಉತ್ತರ ಈಗ ಒಂದೇ: "ನಮ್ದು ಕಾರ್ಬನ್ ಫೈಬರ್ ಮಾರಾಯ್ರೆ, ಏನೂ ಆಗಲ್ಲ."

ಇದು ತಪ್ಪು. ಕಾರ್ಬನ್ ಫೈಬರ್ ಹಗುರ, ಗಟ್ಟಿ, ಕೈ ನೋವು ಕಡಿಮೆ, ಎಲ್ಲಾ ಒಪ್ಪೋಣ. ಆದರೆ ಕಾರ್ಬನ್ ಕೂಡ ವಿದ್ಯುತ್ ಹರಿಸುತ್ತೆ. ಕರೆಂಟ್ ತಡೆಯೋದು ಗಾಜಿನ ನಾರಿನ ಫೈಬರ್, ಅದೂ ಒಣಗಿದ್ದಾಗ. ಬೋರ್ಡೋ ಹೊಡೆಯುವಾಗ ಒಣಗಿದ ದೋಟಿ ಎಲ್ಲಿರುತ್ತೆ ಹೇಳಿ? ಮೇಲಿಂದ ಔಷಧಿ ಸುರೀತಾ ಇರುತ್ತೆ, ಕೈ ಒದ್ದೆ, ಕಾಲಡಿ ನೆಲ ಒದ್ದೆ. ಹಿಡಿಗೆ ಸುತ್ತಿದ ರಬ್ಬರು ಜಾರದ ಹಾಗೆ ಹಿಡಿಯೋಕೆ ಮಾತ್ರ. ಅದನ್ನ ನಂಬ್ಕೊಂಡು 11 ಕೆ.ವಿ. ಲೈನಿನ ಹತ್ತಿರ ಹೋಗೋದು ಹುಚ್ಚು. ಆ ಲೈನಿಗೆ ತಗುಲಲೇಬೇಕು ಅಂತಾನೂ ಇಲ್ಲ, ತೀರಾ ಹತ್ತಿರ ಹೋದ್ರೂ ಕರೆಂಟ್ ಹಾರಬಹುದು.

ಇನ್ನೊಂದು, ಹೊಡೆಯೋ ಹೊತ್ತಿಗಿಂತ ಒಂದು ಮರದಿಂದ ಇನ್ನೊಂದಕ್ಕೆ ಹೋಗೋ ಹೊತ್ತು ಕೆಟ್ಟದ್ದು. ಅರವತ್ತು ಅಡಿ ದೋಟಿಯನ್ನ ಇಳಿಸಿ ಮತ್ತೆ ಎತ್ತೋಕೆ ಬೇಜಾರು, ನೆಟ್ಟಗೆ ಹಿಡ್ಕೊಂಡೇ ನಡೀತಾರೆ. ಕಾಲುವೆ ದಾಟುವಾಗ ಕಣ್ಣು ನೆಲದ ಮೇಲೆ, ದೋಟಿಯ ತುದಿ ಎಲ್ಲಿ ವಾಲ್ತಿದೆ ಅಂತ ನೋಡೋರ್ಯಾರು?

ಬೇಜಾರು ಅಂತ ಅವರನ್ನ ಬೈಯೋದು ಸುಲಭ. ಬ್ಯಾರಲ್ ಲೆಕ್ಕದಲ್ಲಿ ದುಡ್ಡು ಕೊಡೋದು ನಾವೇ, ದೋಟಿ ಇಳಿಸಿದ್ರೆ "ಎಷ್ಟು ನಿಧಾನ" ಅನ್ನೋದೂ ನಾವೇ. ತೋಟದ ಯಜಮಾನ ಬದುವಿನ ಮೇಲೆ ನಿಂತು "ನೋಡ್ಕಂಡು ಹೊಡಿಯೋ" ಅಂದ್ರೆ ಸುರಕ್ಷತೆ ಮುಗೀತು! ಏನಾದ್ರೂ ಆದ್ರೆ ಹಣೆಬರಹ. ಕೊಳೆ ರೋಗ ಬಂದ್ರೆ ಮಾತ್ರ ಹಣೆಬರಹ ಅನ್ನಲ್ಲ ನೋಡಿ, ಅದಕ್ಕೆ ಮೂರು ಸಲ ಔಷಧಿ ಹೊಡಿತೀವಿ.

ಲೈನಿನ ಅಡಿಯ ಆ ಹತ್ತು ಮರದ್ದೇ ದೊಡ್ಡ ಕಥೆ. ಕಡಿಯೋಕೆ ಮನಸ್ಸಿಲ್ಲ. ನನ್ನ ಕೇಳಿದ್ರೆ, ಕರೆಂಟ್ ತೆಗೆಸದೆ ಆ ಮರಗಳಿಗೆ ಔಷಧಿ ಹೊಡೆಸಲೇಬಾರದು. ಕೊಳೆ ಬಂದ್ರೆ ಬರಲಿ, ಹೋಗೋದು ಹತ್ತು ಮರದ ಫಸಲು. ದೋಟಿ ಪೂರ್ತಿ ನೆಲಕ್ಕೆ ಬಿದ್ರೂ ತಂತಿಗೆ ಎಟುಕದಷ್ಟು ದೂರದ ಮರಕ್ಕೆ ಗುರುತಿನ ಬಣ್ಣ ಬಳಿದು, ಅಲ್ಲಿಂದಾಚೆ ದೋಟಿ ಎತ್ತಬೇಡಿ ಅಂತ ಕೆಲಸದವರಿಗೆ ಮೊದಲೇ ಹೇಳಿ. ದಿನಗೂಲಿ ಲೆಕ್ಕ ಮಾಡಿ, ಅವಸರ ತಾನೇ ಕಡಿಮೆಯಾಗುತ್ತೆ.

ಯಾರಿಗಾದ್ರೂ ಹೊಡೆದ್ರೆ ಓಡಿಹೋಗಿ ಎಳೆಯಬೇಡಿ, ಕೋಲಿನಿಂದಲೂ ತಳ್ಳಬೇಡಿ, ದೂರಾನೇ ನಿಲ್ಲಿ. ಲೈನ್ ಆಫ್ ಆಗಿದೆ ಅಂತ ಖಾತ್ರಿ ಆಗೋವರೆಗೆ ಹತ್ತಿರ ಹೋಗೋದು ಬೇಡ. ಲೈನ್‌ಮನ್ ನಂಬರ್, 1912, ಎರಡೂ ಕೆಲಸದವರ ಫೋನಲ್ಲೂ ಇರಲಿ.

ನಮ್ಮ ಕೇರಿಯಲ್ಲಿ ಒಂದೇ ಲೈನ್ ನಾಲ್ಕು ತೋಟ ದಾಟುತ್ತೆ. ನಾಲ್ಕೂ ಮನೆಯವರು ಒಂದೇ ದಿನ ಇಟ್ಕೊಂಡ್ರೆ ಅರ್ಧ ದಿನ ಲೈನ್ ತೆಗೆಸಿಕೊಡಿ ಅಂತ ಸೆಕ್ಷನ್ ಆಫೀಸಿಗೆ ಒಟ್ಟಿಗೆ ಅರ್ಜಿ ಕೊಡಬಹುದು. ಅರ್ಜಿ ನಾನು ಬರೀತೀನಿ. ಯಾವ ದಿನ ಆಗುತ್ತೆ ಅಂತ ಭಾನುವಾರದೊಳಗೆ ತಿಳಿಸಿ.